ವಾಪಸ್ ಕರೆದ ಸೊಪ್ಪು ಮನೆಯಲ್ಲಿದ್ದರೆ

ಪ್ಯಾಕೆಟ್ ಸೊಪ್ಪಿನಲ್ಲಿ ಸಾಲ್ಮೊನೆಲ್ಲಾ, ಇ. ಕೋಲಿಯಂಥ ಬ್ಯಾಕ್ಟೀರಿಯಾ ಕಂಡು ಕಂಪನಿ ಮಾಲನ್ನು ವಾಪಸ್ ಕರೆಸಿಕೊಂಡಾಗ, ‘ಇನ್ನೊಮ್ಮೆ ತೊಳೆದರಾಯಿತು’ ಎಂದುಕೊಳ್ಳಬೇಡಿ. ಎಲೆಯ ಸುಕ್ಕಿನಲ್ಲಿ, ಕೊಯ್ದ ದಂಟಿನ ತುದಿಯಲ್ಲಿ ಅಂಟಿದ್ದು ನೀರಿಗೆ ಬಿಡುವುದಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಇದು ಇನ್ನೂ ಮುಖ್ಯ. ನಮ್ಮಲ್ಲಿ ರೊಟ್ಟಿ ಜೊತೆ ಹಕ್ಕರಕಿ, ಮೆಂತ್ಯ, ಗಜ್ಜರಿ ಹಸಿಯಾಗಿಯೇ ತಾಟಿಗೆ ಬರುತ್ತವೆ. ಕುದ್ದ ಪಲ್ಯಕ್ಕಿರುವ ರಕ್ಷಣೆ ಪಚಡಿಗಿಲ್ಲ.

ಮೊದಲು ಲೇಬಲ್ಲಿನ ಬ್ಯಾಚ್ ನಂಬರನ್ನು ಕಂಪನಿ ವಾಪಸ್ ಕರೆದ ಬ್ಯಾಚ್ ನಂಬರಿನೊಂದಿಗೆ ತಾಳೆ ನೋಡಿ, ಲೇಬಲ್ಲಿನ ಫೋಟೊ ತೆಗೆದಿಡಿ. ಹೊಂದಿದರೆ ರುಚಿ, ವಾಸನೆ ನೋಡುವುದು ಬೇಡ. ಎರಡರಿಂದಲೂ ಏನೂ ತಿಳಿಯದು. ಎರಡು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಅಂಗಡಿಗೆ ಮರಳಿಸಿ, ಇಲ್ಲವೇ ಕಸದ ಗಾಡಿಗೆ ಕೊಡಿ. ದನಕ್ಕೆ, ಆಡಿಗೆ ಹಾಕಬೇಡಿ, ತಿಪ್ಪೆಗೂ ಎಸೆಯಬೇಡಿ. ಸಂತೆಯ ಬಿಡಿ ಸೊಪ್ಪಿಗೆ ಬ್ಯಾಚ್ ನಂಬರ್ ಇರುವುದಿಲ್ಲ. ಅದೇ ಸೊಪ್ಪಿನ ಹೆಸರು ಸುದ್ದಿಯಲ್ಲಿದ್ದು, ಎಲ್ಲಿಂದ ಬಂತೆಂದು ಮಾರಿದವರಿಗೂ ಗೊತ್ತಿಲ್ಲದಿದ್ದರೆ ಬಿಸಾಡುವುದೇ ಸರಿ.

ಹೆಚ್ಚಿನ ಮನೆಗಳಲ್ಲಿ ತಪ್ಪುವುದು ಇದರ ಮುಂದೆ. ಸೊಪ್ಪು ಹೋದರೂ ಅದು ತಾಗಿದ ಜಾಗ ಉಳಿಯುತ್ತದೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯಬಲ್ಲದು. ತರಕಾರಿ ಡಬ್ಬಿ, ಚಾಕು, ಈಳಿಗೆ, ಹೆಚ್ಚುವ ಹಲಗೆಯನ್ನು ಮೊದಲು ಸೋಪಿನಿಂದ ಉಜ್ಜಿ ತೊಳೆಯಿರಿ. ಜಿಡ್ಡು ಉಳಿದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ (5 ಮಿ.ಲೀ.) ಪರಿಮಳವಿಲ್ಲದ ಬ್ಲೀಚ್ ಬೆರೆಸಿ ಒರೆಸಿ, ಹಾಗೇ ಒಣಗಲು ಬಿಡಿ. ಬ್ಲೀಚಿಗೆ ವಿನೆಗರ್, ನಿಂಬೆರಸ ಸೇರಿಸಲೇಬೇಡಿ, ವಿಷಾನಿಲ ಏಳುತ್ತದೆ. ಒರೆಸುವ ಬಟ್ಟೆ ಕುದಿಸಿ, ಸಂತೆಯ ಕೈಚೀಲ ಒಗೆಯಿರಿ.

ಹೊಸದಾಗಿ ತಂದ ತರಕಾರಿಗೆ ಸೋಪು ಬೇಡ, ಸಿಪ್ಪೆಯೊಳಗೆ ಇಂಗುತ್ತದೆ. ಹರಿಯುವ ನೀರಲ್ಲಿ ಕೈಯಿಂದ ತಿಕ್ಕಿದರೆ ಸಾಕು. ಟೊಮೆಟೊಗೆ ಮಾತ್ರ ಒಂದು ಎಚ್ಚರ ಬೇಕು. ಬಿಸಿಲಲ್ಲಿ ಕಾದ ಹಣ್ಣನ್ನು ತಣ್ಣೀರಿನಲ್ಲಿ ಮುಳುಗಿಸಿದರೆ ಒಳಗಿನ ಗಾಳಿ ಕುಗ್ಗಿ, ತೊಟ್ಟಿನ ಗಾಯದ ಮೂಲಕ ನೀರನ್ನು, ಅದರೊಡನೆ ಬ್ಯಾಕ್ಟೀರಿಯಾವನ್ನು ಒಳಗೆಳೆಯುತ್ತದೆ. ಹಣ್ಣು ತಣಿಯಲಿ, ಆಮೇಲೆ ನಲ್ಲಿಯಡಿ ಹಿಡಿಯಿರಿ.

ಹೆಚ್ಚಿದ ಪಚಡಿ ಹೊರಗೆ ಎರಡು ಗಂಟೆ ಮೀರಬಾರದು, ನಮ್ಮ ಬೇಸಿಗೆಯಲ್ಲಂತೂ ಒಂದೇ ಗಂಟೆ. ಈಗಾಗಲೇ ತಿಂದವರಿಗೆ ರಕ್ತಭೇದಿ, ಬಿಡದ ಜ್ವರ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಏನು ತಿಂದದ್ದೆಂದು ಹೇಳಿ, ತೆಗೆದಿಟ್ಟ ಲೇಬಲ್ ಫೋಟೊ ತೋರಿಸಿ.