ಜಲ್ಲಿ ಕೆದರದೆ ಹಿಮ ತಳ್ಳಿದ್ದು

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ದಕ್ಷಿಣಕ್ಕೆ ನಮ್ಮ ಮನೆ. ಈರಿ ಸರೋವರದ ಕಡೆಯಿಂದ ಗಾಳಿ ಬೀಸಿದರೆ ಒಂದೇ ರಾತ್ರಿಗೆ ಮೊಣಕಾಲುದ್ದ ಹಿಮ. ಹಿಮವನ್ನು ಎತ್ತಿ ದೂರ ಎರಚುವ ಯಂತ್ರ, ಸ್ನೋ ಬ್ಲೋವರ್‌ಗೆ ದುಡ್ಡಿರಲಿಲ್ಲ. ಇದ್ದದ್ದು ಹಳೆಯ ಸಣ್ಣ ಟ್ರ್ಯಾಕ್ಟರ್, ಅದರ ಮುಂದಿನ ಲೋಡರ್ ಬಕೆಟ್ (ಮಣ್ಣು, ಹಿಮ ಬಾಚಿ ಎತ್ತುವ ದೊಡ್ಡ ಮೊರದಂಥದ್ದು). ತೊಂದರೆ ಏನಂದ್ರೆ, ಬಕೆಟ್ಟಿನ ಅಂಚು ಹಿಮದ ಜೊತೆ ದಾರಿಯ ಜಲ್ಲಿಯನ್ನೂ ಬಾಚಿ ಹುಲ್ಲಿಗೆ ಸುರಿಯುತ್ತಿತ್ತು. ನೆಲ ಹೆಪ್ಪುಗಟ್ಟುವ ಮೊದಲಂತೂ ಈ ಕಾಟ ಜಾಸ್ತಿ.

ಗುಜರಿಯ 2 ಇಂಚಿನ ಕಬ್ಬಿಣದ ಪೈಪನ್ನು ಉದ್ದಕ್ಕೆ ಸೀಳಿಸಿ ಆ ಅಂಚಿಗೆ ತೊಡಿಸಿದೆ. ಎರಡೂ ತುದಿಗೆ ಬೋಲ್ಟ್ ಹಾಕಿ ಬಿಗಿದೆ. ಪೈಪು ಗುಂಡಗಿರುವುದರಿಂದ ಜಲ್ಲಿಯ ಮೇಲೆ ಜಾರುತ್ತದೆ, ಅಗೆಯುವುದಿಲ್ಲ. ತಳದಲ್ಲಿ ತೆಳ್ಳಗೆ ಹಿಮ ಉಳಿಯುತ್ತದೆ, ಉಳಿಯಲಿ ಬಿಡಿ.

ಬಕೆಟ್ ತುಂಬಿದಾಗ ಟ್ರ್ಯಾಕ್ಟರಿನ ಹಿಂಬದಿ ಹಗುರಾಗುತ್ತದೆ ಅಲ್ವಾ? ಅದಕ್ಕೆ ಹಿಂದೆ ಕಾಂಕ್ರೀಟ್ ತುಂಬಿದ ಡ್ರಮ್ಮು, ಟೈರಿಗೆ ಚೈನು. ಒದ್ದೆ ಹಿಮ ಅಂಟದಂತೆ ಬಕೆಟ್ಟಿನೊಳಗೆ ಸಿಲಿಕೋನ್ ಸ್ಪ್ರೇ ಹೊಡೆಯುತ್ತೇನೆ. ಮೊದಲ ಹಿಮವನ್ನು ಆದಷ್ಟು ದೂರ ತಳ್ಳಿ. ಜನವರಿಯಲ್ಲಿ ರಾಶಿ ಹಾಕಲು ಜಾಗ ಬೇಕಾಗುತ್ತದೆ.