ಹಳೇ ಡಿಸ್ಕಿನಲ್ಲಿ ಫೋಟೊ ಇದೆ, ಫೋಲ್ಡರ್ ತೆರೆಯುತ್ತಿಲ್ಲ

ಅಪ್ಪನ ಹಳೇ ಕಂಪ್ಯೂಟರ್ ಕೆಟ್ಟು ನಿಂತಾಗ ಅದರ ಹಾರ್ಡ್ ಡಿಸ್ಕ್ ಬಿಚ್ಚಿಸಿ, ಯುಎಸ್‌ಬಿ ಕೇಸಿಗೆ ಹಾಕಿ, ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಅಕ್ಕನ ಮದುವೆ ಫೋಟೊಗಳೆಲ್ಲ ಅದರಲ್ಲೇ ಇದ್ದವು. ಫೋಲ್ಡರ್ ಕಾಣಿಸಿತು. ಕ್ಲಿಕ್ ಮಾಡಿದರೆ ‘ನಿಮಗೆ ಪರ್ಮಿಷನ್ ಇಲ್ಲ’ ಎಂಬ ಉತ್ತರ. ನಮ್ಮದೇ ಡಿಸ್ಕ್, ನಮ್ಮದೇ ಫೋಟೊ. ಎದೆ ಧಸಕ್ ಅನ್ನುತ್ತದೆ, ಅಲ್ವಾ? ಈ ಮೆಸೇಜ್ ಬಂತೆಂದರೆ ಫೋಟೊ ಹಾಳಾಗಿದೆ ಎಂದಲ್ಲ.

ವಿಂಡೋಸ್ ಯಾವ ಫೋಲ್ಡರ್ ಯಾರದು ಎಂದು ಡಿಸ್ಕಿನಲ್ಲೇ ಬರೆದಿಟ್ಟಿರುತ್ತದೆ. ಬರೆಯುವುದು ಹೆಸರನ್ನಲ್ಲ, ಸಾಮಾನ್ಯವಾಗಿ ‘ಎಸ್-1-5-21’ ಎಂದು ಶುರುವಾಗುವ ಉದ್ದದ ನಂಬರನ್ನು. ಹೊಸ ಕಂಪ್ಯೂಟರಿನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟರೂ ಈ ನಂಬರ್ ಬೇರೆಯೇ ಆಗುತ್ತದೆ. ಹಾಗಾಗಿ ನೀವು ಯಾರೆಂದು ಆ ಫೋಲ್ಡರಿಗೆ ಗೊತ್ತಿಲ್ಲ.

ಬೀಗಕ್ಕೆ ಕೈ ಹಾಕುವ ಮೊದಲು, ಸರಿಯಾದ ಫೋಲ್ಡರ್ ಮುಂದೆ ನಿಂತಿದ್ದೀರಾ ನೋಡಿಕೊಳ್ಳಿ. ಹೆಚ್ಚಿನವರು ಎಡವುವುದು ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’ ಎಂಬ ಫೋಲ್ಡರಿನಲ್ಲಿ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ನಮ್ಮ ಫೈಲುಗಳೆಲ್ಲ ನಿಜವಾಗಿಯೂ ಅಲ್ಲೇ ಇರುತ್ತಿದ್ದವು. 2007ರಲ್ಲಿ ಅದರ ಮುಂದಿನ ವಿಂಡೋಸ್ ಆದ ವಿಸ್ಟಾ ಬಂದಾಗ ಆ ಜಾಗವನ್ನು ‘ಯೂಸರ್ಸ್’ ಫೋಲ್ಡರಿಗೆ ಬದಲಾಯಿಸಿದರು. ಹಳೇ ಪ್ರೋಗ್ರಾಮುಗಳು ದಾರಿ ತಪ್ಪಬಾರದೆಂದು ಹಳೇ ಹೆಸರನ್ನು ಕೈಮರದ ಹಾಗೆ ಉಳಿಸಿದರು. ಐಕಾನ್ ಮೇಲೆ ಚಿಕ್ಕ ಬಾಣ ಇದ್ದರೆ ಅದು ಕೈಮರ. ಒಳಗೆ ಏನೂ ಇಲ್ಲ. ತೆರೆಯಬಾರದು ಎಂದೇ ಅದನ್ನು ಹಾಗೆ ಮಾಡಿದ್ದಾರೆ.

ಅದನ್ನು ಬಲವಂತವಾಗಿ ತೆರೆದರೆ ದೊಡ್ಡ ಅಪಾಯ ಇದೆ. ಆ ಕೈಮರದಲ್ಲಿ ಬರೆದಿರುವುದು ‘ಸಿ ಡ್ರೈವಿನ ಯೂಸರ್ಸ್’ ಎಂದು. ಡಿಸ್ಕ್ ಈಗ ಬೇರೆ ಕಂಪ್ಯೂಟರಿನಲ್ಲಿದೆಯಲ್ಲ, ಹಾಗಾಗಿ ಅದು ತೋರಿಸುವುದು ನಿಮ್ಮ ಹೊಸ ಕಂಪ್ಯೂಟರಿನ ಫೈಲುಗಳನ್ನು! ಹಳೇ ಕಾಪಿ ಅಂದುಕೊಂಡು ಡಿಲೀಟ್ ಮಾಡಿದರೆ ಹೋಗುವುದು ಹೊಸವು.

ಇಂಥ ಫೋಲ್ಡರ್ ನಿಮ್ಮ ಕಂಪ್ಯೂಟರಿನಲ್ಲೂ ಕಾಣಿಸಿ ತಲೆಕೆಡಿಸುತ್ತಿದ್ದರೆ, ಫೈಲ್ ಎಕ್ಸ್‌ಪ್ಲೋರರಿನ ಆಪ್ಷನ್ಸ್‌ನಲ್ಲಿ ‘ವ್ಯೂ’ ತೆರೆಯಿರಿ. ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಎಂಬಲ್ಲಿ ಟಿಕ್ ಹಾಕಿ. ಅಷ್ಟೇ ಸಾಕು.

ಈಗ ಹಳೇ ಡಿಸ್ಕಿನ ‘ಯೂಸರ್ಸ್’ ತೆರೆದು, ಹಳೇ ಹೆಸರಿನ ಫೋಲ್ಡರ್ ಮೇಲೆ ಡಬಲ್ ಕ್ಲಿಕ್ ಮಾಡಿ. ಎಕ್ಸ್‌ಪಿ ಡಿಸ್ಕ್ ಆದರೆ ಬಾಣವಿಲ್ಲದ ಆ ಹಳೇ ಫೋಲ್ಡರಿನಲ್ಲೇ ಹುಡುಕಿ. ನಿಮ್ಮದು ಅಡ್ಮಿನಿಸ್ಟ್ರೇಟರ್ ಅಕೌಂಟ್ ಆಗಿರಬೇಕು. ‘ಕಂಟಿನ್ಯೂ’ ಬಟನ್ ಬಂದರೆ ಒತ್ತಿ, ಕಾಯಿರಿ. ಫೈಲ್ ಜಾಸ್ತಿ ಇದ್ದರೆ ತುಂಬಾ ಹೊತ್ತು ಹಿಡಿಯುತ್ತದೆ. ನಡುವೆ ಕೇಬಲ್ ಕೀಳಬೇಡಿ. ಎಷ್ಟೋ ಸಲ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಆಗಲಿಲ್ಲವೇ? ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಸೆಕ್ಯೂರಿಟಿ, ಅಡ್ವಾನ್ಸ್ಡ್ ಎಂದು ಹೋಗಿ. ಮೇಲೆ ‘ಓನರ್’ ಎಂಬಲ್ಲಿ ಆ ಉದ್ದದ ನಂಬರ್ ಕಾಣಬಹುದು. ಪಕ್ಕದ ‘ಚೇಂಜ್’ ಒತ್ತಿ, ನಿಮ್ಮ ಯೂಸರ್ ಹೆಸರು ಬರೆದು, ‘ಚೆಕ್ ನೇಮ್ಸ್’ ಒತ್ತಿ. ಹೆಸರಿನ ಕೆಳಗೆ ಗೆರೆ ಬಂದರೆ ಸರಿ. ಓಕೆ ಕೊಟ್ಟು, ‘ರಿಪ್ಲೇಸ್ ಓನರ್ ಆನ್ ಸಬ್‌ಕಂಟೇನರ್ಸ್’ ಎಂಬ ಸಾಲಿಗೆ ಟಿಕ್ ಹಾಕಿ, ಅಪ್ಲೈ ಮಾಡಿ. ಈ ಟಿಕ್ ಹಾಕದಿದ್ದರೆ ಹೊರಗಿನ ಫೋಲ್ಡರ್ ಮಾತ್ರ ನಿಮ್ಮದಾಗುತ್ತದೆ.

ಕಿಟಕಿಗಳನ್ನೆಲ್ಲ ಮುಚ್ಚಿ ಮತ್ತೆ ಅದೇ ಅಡ್ವಾನ್ಸ್ಡ್ ತೆರೆಯಿರಿ. ಓನರ್ ಆದ ಮಾತ್ರಕ್ಕೆ ಫೈಲ್ ಓದಲು ಬರುವುದಿಲ್ಲ, ಅನುಮತಿಯನ್ನು ನಾವೇ ಬರೆದುಕೊಳ್ಳಬೇಕು. ‘ಆಡ್’ ಒತ್ತಿ, ‘ಸೆಲೆಕ್ಟ್ ಎ ಪ್ರಿನ್ಸಿಪಲ್’ನಲ್ಲಿ ನಿಮ್ಮ ಹೆಸರು ಹಾಕಿ, ‘ಫುಲ್ ಕಂಟ್ರೋಲ್’ ಟಿಕ್ ಮಾಡಿ ಓಕೆ ಕೊಡಿ.

ಇದನ್ನೆಲ್ಲ ನಿಮ್ಮ ಫೋಲ್ಡರಿಗೆ ಮಾತ್ರ ಮಾಡಿ. ಬೇಸರವಾಗಿ ಇಡೀ ಸಿ ಡ್ರೈವಿಗೋ ‘ವಿಂಡೋಸ್’ ಫೋಲ್ಡರಿಗೋ ಹೀಗೆ ಮಾಡಲೇಬೇಡಿ. ಅಲ್ಲಿನ ಎಷ್ಟೋ ಫೈಲುಗಳ ಓನರ್ ‘ಟ್ರಸ್ಟೆಡ್‌ಇನ್‌ಸ್ಟಾಲರ್’, ಅಂದರೆ ವಿಂಡೋಸಿನದೇ ಒಳಗಿನ ಅಕೌಂಟ್. ಆ ವ್ಯವಸ್ಥೆ ಕೆಡಿಸಿದರೆ ಅಪ್‌ಡೇಟ್ ನಿಲ್ಲಬಹುದು, ವಿಂಡೋಸೇ ಏಳದೆ ಹೋಗಬಹುದು. ‘ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್’ ಕೂಡ ಸುಮ್ನೆ ಇರಲಿ. ಅದರಲ್ಲಿರುವುದು ರಿಸ್ಟೋರ್ ಪಾಯಿಂಟುಗಳು (ವಿಂಡೋಸನ್ನು ಹಿಂದಿನ ಸ್ಥಿತಿಗೆ ತರಲು ಉಳಿಸಿಟ್ಟ ಮಾಹಿತಿ), ನಿಮ್ಮ ಫೋಟೊ ಅಲ್ಲ.

ಡಿಸ್ಕ್ ಸಿಕ್ಕಿಸಿದ ಕೂಡಲೇ 48 ಅಂಕಿಯ ಕೀ ಕೇಳಿದರೆ ಅದು ಬಿಟ್‌ಲಾಕರ್, ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಗುಪ್ತಲಿಪಿಗೆ ತಿರುಗಿಸಿಡುವ ವಿಂಡೋಸಿನ ಬೀಗ. ಓನರ್ ಬದಲಿಸಿ ಅದನ್ನು ದಾಟಲಾಗದು. ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಉಳಿದಿರಬಹುದು, ಅಲ್ಲಿ ನೋಡಿ.

ಫೋಲ್ಡರ್ ತೆರೆಯಿತೇ? ಕಟ್ ಮಾಡಬೇಡಿ, ಕಾಪಿ ಮಾಡಿ. ಕಾಪಿಯಾದ ಫೈಲುಗಳಿಗೆ ಹೊಸ ಜಾಗದ ಅನುಮತಿಯೇ ಬರುವುದರಿಂದ ಮುಂದೆ ಈ ತೊಂದರೆ ಇರುವುದಿಲ್ಲ. ಕಡೆಗೆ ಎರಡೂ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಲೆಕ್ಕ ತಾಳೆ ನೋಡಿ. ಅದು ಸರಿಹೊಂದಿ, ನಾಲ್ಕಾರು ಫೋಟೊ ತೆರೆದು ನೋಡುವವರೆಗೆ ಹಳೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡಿ.