ಮಿದುಳಿನ ರಕ್ತನಾಳದ ಉಬ್ಬು: ನಿಗಾ ಇಡುವುದು ಹೇಗೆ?

ತಲೆನೋವು ಅಂತ ಎಂಆರ್‌ಐ ಮಾಡಿಸಿದರೆ ವರದಿಯಲ್ಲಿ ‘ಅನ್ಯೂರಿಸಂ, 4 ಮಿ.ಮೀ.’ ಅಂತ ಬಂದಿದೆ, ಅಂದರೆ ರಕ್ತನಾಳದ ಗೋಡೆ ಒಂದು ಕಡೆ ಬಲೂನಿನಂತೆ ಉಬ್ಬಿದೆ. ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಆದರೆ ನೂರು ಜನ ದೊಡ್ಡವರಲ್ಲಿ ಸುಮಾರು 3 ಜನರಿಗೆ ಇಂಥ ಉಬ್ಬು ಇರುತ್ತದೆ, ಹೆಚ್ಚಿನವು ಕೊನೆತನಕ ಒಡೆಯುವುದೇ ಇಲ್ಲ. ಅದಕ್ಕೇ ಚಿಕ್ಕದಿದ್ದರೆ ಡಾಕ್ಟರು ‘ನೋಡ್ತಾ ಇರೋಣ ರೀ’ ಅನ್ನುತ್ತಾರೆ.

ಮೊದಲು ಉಬ್ಬು ಎಲ್ಲಿದೆ, ಎಷ್ಟಿದೆ, ಆಕಾರ ಹೇಗಿದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. 7 ಮಿ.ಮೀ.ಗಿಂತ ಚಿಕ್ಕದಾದರೆ ಸಾಮಾನ್ಯವಾಗಿ ಅಪಾಯ ಕಡಿಮೆ. ಆದರೆ ಮಿದುಳಿನ ಹಿಂಭಾಗದ ನಾಳದಲ್ಲಿದ್ದರೆ, ಇಲ್ಲವೇ ಉಬ್ಬಿನ ಮೇಲೇ ಇನ್ನೊಂದು ಪುಟ್ಟ ಉಬ್ಬಿದ್ದರೆ ಲೆಕ್ಕ ಬೇರೆ.

ಮುಂದಿನ ಸ್ಕ್ಯಾನ್ ಸಾಮಾನ್ಯವಾಗಿ 6ರಿಂದ 12 ತಿಂಗಳಲ್ಲಿ. ಆಮೇಲೆ ವರ್ಷಕ್ಕೊಮ್ಮೆ, ಬದಲಾವಣೆ ಇಲ್ಲದಿದ್ದರೆ ಅಂತರ ಹೆಚ್ಚಿಸುತ್ತಾರೆ. ‘ಎರಡು ಸಲ ಏನೂ ಆಗಿಲ್ಲ, ಸುಮ್ನೆ ಖರ್ಚು ಯಾಕೆ’ ಅಂತ ನೀವೇ ನಿಲ್ಲಿಸಬೇಡಿ. ಇದು ವರ್ಷಕ್ಕಿಷ್ಟು ಅಂತ ಬೆಳೆಯುವುದಿಲ್ಲ. ವರ್ಷಗಟ್ಟಲೆ ತೆಪ್ಪಗಿದ್ದು ಆಮೇಲೆ ಬೆಳೆಯಬಹುದು, ಬೆಳೆದದ್ದಕ್ಕೆ ಒಡೆಯುವ ಭಯವೂ ಜಾಸ್ತಿ.

ನಮ್ಮ ಕಡೆ ಎಡವಟ್ಟಾಗುವುದು ಇಲ್ಲೇ. ಒಂದು ಸ್ಕ್ಯಾನ್ ಕಲಬುರಗಿಯಲ್ಲಿ, ಮುಂದಿನದು ಮಗ ಇರುವ ಹೈದರಾಬಾದಿನಲ್ಲಿ, ಅದರ ಮುಂದಿನದು ಯಾರೋ ಹೇಳಿದರು ಅಂತ ಸೊಲ್ಲಾಪುರದಲ್ಲಿ. ಒಂದು ಕಡೆ ಎಂಆರ್ ಆಂಜಿಯೋ, ಇನ್ನೊಂದು ಕಡೆ ಸಿಟಿ ಆಂಜಿಯೋ; ಎರಡೂ ರಕ್ತನಾಳ ತೋರಿಸುವ ಸ್ಕ್ಯಾನೇ, ಬಗೆ ಮಾತ್ರ ಬೇರೆ. 4 ಇದ್ದದ್ದು 4.5 ಆದರೆ ಉಬ್ಬು ಬೆಳೆಯಿತೋ, ಅಳೆಯುವುದರಲ್ಲೇ ವ್ಯತ್ಯಾಸವೋ ಹೇಳುವುದು ಕಷ್ಟ. ಸಾಮಾನ್ಯವಾಗಿ 1 ಮಿ.ಮೀ. ಅಥವಾ ಜಾಸ್ತಿ ಹೆಚ್ಚಿದರೆ, ಇಲ್ಲವೇ ಆಕಾರ ಬದಲಾದರೆ ಬೆಳೆದಿದೆ ಎನ್ನುತ್ತಾರೆ. ಹಾಗಾಗಿ ಆದಷ್ಟು ಒಂದೇ ಕಡೆ, ಒಂದೇ ಬಗೆಯ ಸ್ಕ್ಯಾನ್ ಮಾಡಿಸಿ. ಪ್ರತಿ ಸಲ ಸಿಡಿ ಕೇಳಿ ಪಡೆಯಿರಿ, ಫಿಲ್ಮ್ ಒಂದೇ ಸಾಲದು. ಹಳೆ ಸಿಡಿಯನ್ನು ಸ್ಕ್ಯಾನಿಗೆ ಮೊದಲೇ ಕೊಟ್ಟು ‘ಇದರ ಜೊತೆ ಹೋಲಿಸಿ ವರದಿ ಬರೆಯಿರಿ’ ಅನ್ನಿ. ಮೊಬೈಲಿನಲ್ಲಿ ತೆಗೆದ ವರದಿಯ ಫೋಟೊದಿಂದ ಈ ಕೆಲಸ ಆಗದು.

ಕಾಯಿಲ್, ಅಂದರೆ ಉಬ್ಬಿನೊಳಗೆ ತುಂಬುವ ಸಣ್ಣ ತಂತಿಯ ಸುರುಳಿ, ಹಾಕಿಸಿಕೊಂಡವರೂ ಸ್ಕ್ಯಾನ್ ಬಿಡುವಂತಿಲ್ಲ. ಸುರುಳಿ ಅಮುಕಿಕೊಂಡು ಉಬ್ಬಿನ ಬಾಯಿ ಹತ್ತಿರ ಮತ್ತೆ ರಕ್ತ ನುಗ್ಗಬಹುದು. ಆಪರೇಷನ್ ಮಾಡಿ ಉಬ್ಬಿನ ಬುಡಕ್ಕೆ ಹಾಕಿದ ಲೋಹದ ಕ್ಲಿಪ್ ಇದ್ದರೆ ಅದರ ಕಾಗದ ತೋರಿಸದೆ ಎಂಆರ್‌ಐ ಒಳಗೆ ಹೋಗಬೇಡಿ.

ನಡುವೆ ಮನೆಯಲ್ಲಿ ಮಾಡುವುದು ಎರಡೇ: ಬಿಪಿ ಗುಳಿಗೆ ತಪ್ಪಿಸಬಾರದು, ಬೀಡಿ-ಸಿಗರೇಟು ಬಿಡಬೇಕು. ಬಿಪಿಯನ್ನು ಊರಿನ ಆರೋಗ್ಯ ಕೇಂದ್ರದಲ್ಲೇ ಪುಕ್ಕಟೆ ನೋಡುತ್ತಾರೆ. ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಇಬ್ಬರಿಗೆ ಉಬ್ಬಿದ್ದರೆ ಉಳಿದವರೂ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ.

ಹಿಂದೆಂದೂ ಕಾಣದಂಥ ತಲೆನೋವು ಒಮ್ಮೆಲೇ ಬಂದರೆ, ಜೊತೆಗೆ ವಾಂತಿ, ಕುತ್ತಿಗೆ ಬಿಗಿತ ಇದ್ದರೆ, ಅಥವಾ ಒಂದು ಕಣ್ಣಿನ ರೆಪ್ಪೆ ಜೋತುಬಿದ್ದು ಎರಡೆರಡು ಕಂಡರೆ ಮುಂದಿನ ಸ್ಕ್ಯಾನಿನ ತಾರೀಖು ನೋಡುತ್ತ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.